ಹನ್ನೆರಡನೆಯ ಜೊತೆ

ಚಾಕು ತಾಗದ ಜಪಾನಿ ಕೈಗವಸು ಎಂದು ಮಾರಿದ ಗವಸುಗಳಲ್ಲಿ ಉಕ್ಕಿನ ಒಂದು ಎಳೆಯೂ ಇರಲಿಲ್ಲ. ಹಾಕಿಕೊಂಡ ನಾಲ್ಕನೆಯ ದಿನ ಆಮಾನಳ ಎಡಗೈಯ ತೋರುಬೆರಳು ಸೀಳಿತು. ಹನ್ನೊಂದನೆಯ ದಿನ ಆಸ್ಪತ್ರೆಯಲ್ಲಿ, ನಂಜೇರಿದ ಆ ಬೆರಳನ್ನು ಬುಡಕ್ಕೆ ಕತ್ತರಿಸಿ ತೆಗೆದರು.

ಗವಸು ತರಿಸಿದವಳು ಬೀಯುನ್. ತೈವಾನಿನ ಪಡುವಣ ಕರಾವಳಿಯಲ್ಲಿ, ಕೋ ಯಜಮಾನನ ತಗಡಿನ ಶೆಡ್ಡಿನಲ್ಲಿ, ಸಿಂಪಿಯ ಚಿಪ್ಪೊಡೆದು ಮಾಂಸ ಬಿಡಿಸುವ ಹೆಂಗಸರು ಹನ್ನೆರಡು ಮಂದಿ. ಅವರಲ್ಲಿ ಮೊಬೈಲಿನ ಹೊಟ್ಟೆಯೊಳಗೆ ಕೈಹಾಕಿ ಸಾಮಾನು ತೆಗೆಯಬಲ್ಲವಳು ಅವಳೊಬ್ಬಳೇ. ಒಣ ಅಣಬೆ, ಸೊಳ್ಳೆಬತ್ತಿ, ಮೊಣಕಾಲಿಗೆ ಪಟ್ಟಿ, ಏನು ಬೇಕಾದರೂ ಹನ್ನೆರಡು ಮಂದಿಯೂ ಕೂಡಿ ಬೀಯುನಳ ಕೈಯಲ್ಲಿ ತರಿಸುತ್ತಿದ್ದರು. ಕೂಡಿ ತರಿಸಿದರೆ ಅಗ್ಗ. ತರಿಸಿದ ಮುಂದಾಳಿಗೆ ಒಂದು ಬಿಟ್ಟಿ. ಗವಸಿಗೂ ಹಾಗೇ ಆಯಿತು. ಹನ್ನೊಂದು ಜೊತೆಗೆ ದುಡ್ಡು, ಹನ್ನೆರಡನೆಯದು ಪುಕ್ಕಟೆ. ಬೀಯುನ್ ತನ್ನ ಜೊತೆಗೆ ತಾನೇ ದುಡ್ಡು ಹಾಕಿ, ಬಿಟ್ಟಿ ಬಂದದ್ದನ್ನು ಆಮಾನಳಿಗೆ ಕೊಟ್ಟಳು. ಗಂಡನನ್ನು ವಾರಕ್ಕೆ ಮೂರು ಸಲ ರಕ್ತ ಶುದ್ಧಿಗೆ ಕರೆದೊಯ್ಯುವ ಆಮಾನ್, ಗವಸಿಗೆ ಕೊಡಲು ತನ್ನಲ್ಲಿಲ್ಲ, ಇಷ್ಟು ದಿನ ಇದ್ದ ಹಾಗೆ ಇರುತ್ತೇನೆ ಎಂದಿದ್ದಳು. ಹಾಗೆಯೇ ಇರಗೊಟ್ಟಿದ್ದರೆ ಬೆರಳು ಉಳಿಯುತ್ತಿತ್ತು. ನಲವತ್ತು ವರ್ಷ ಹೆದರಿ ಹೆದರಿ ದುಡಿದ ಕೈ ಗವಸಿದೆ ಎಂಬ ಧೈರ್ಯದಲ್ಲಿ ಮೊದಲ ಸಲ ನಿರಾಳವಾಗಿ ಬೀಸಿತು.

ಶೆಡ್ಡಿನಲ್ಲಿ ಗವಸು ಕೊಡುವುದಿಲ್ಲವೇ ಎಂದರೆ, ಕೊಡುತ್ತಾರೆ. ವಾರಕ್ಕೊಂದು ಜೊತೆ ತೆಳು ರಬ್ಬರು. ಚಾಕುವಿನ ಮಾತು ಹಾಗಿರಲಿ, ಸಿಂಪಿಯ ಚಿಪ್ಪೇ ಅದನ್ನು ಈರುಳ್ಳಿ ಸಿಪ್ಪೆಯಂತೆ ಸುಲಿಯುತ್ತದೆ. ಬೇಕಿದ್ದವರು ಒಳ್ಳೆಯದನ್ನು ತರಿಸಿಕೊಳ್ಳಿ ಎಂದು ಯಜಮಾನನೇ ಹೇಳಿದ್ದ. ಅವನ ಔದಾರ್ಯ ಅಷ್ಟಕ್ಕೆ ನಿಲ್ಲುತ್ತಿತ್ತು.

ಗವಸಿನ ಪೆಟ್ಟಿಗೆ ಬೀದಿ ಮೂಲೆಯ, ಹಗಲಿರುಳೂ ತೆರೆದಿರುವ ಅಂಗಡಿಗೆ ಬಂತು. ದುಡ್ಡು ಕೊಟ್ಟ ಮೇಲೆಯೇ ಬಿಚ್ಚಬೇಕು, ಅದು ಅಲ್ಲಿಯ ಕಟ್ಟಳೆ. ಅಪರಿಚಿತನ ಕೈಗೆ ಹತ್ತು ಯುವಾನ್ ಇಡದ ಜನ ಆ ಕೌಂಟರಿನ ಮೇಲೆ ಕಣ್ಣುಮುಚ್ಚಿ ಸಾವಿರಗಟ್ಟಲೆ ಇಡುತ್ತಾರೆ. ಕರೆಂಟು ಬಿಲ್ಲು ಅಲ್ಲಿ, ನೀರಿನ ಬಿಲ್ಲು ಅಲ್ಲಿ, ಮೊಮ್ಮಕ್ಕಳ ಶಾಲೆಯ ಶುಲ್ಕ ಅಲ್ಲಿ. ಸರಕಾರವೇ ಬಂದು ನಿಲ್ಲುವ ಜಾಗದಲ್ಲಿ ಕಳ್ಳ ಯಾಕೆ ನಿಂತಾನು ಎಂದುಕೊಂಡಳು ಬೀಯುನ್. ಅವಳೊಬ್ಬಳಲ್ಲ, ಊರೇ ಹಾಗೆ ಅಂದುಕೊಂಡಿದೆ. ಮೋಸಗಾರನಿಗೆ ನಂಬಿಕೆ ಸಂಪಾದಿಸುವ ಕಷ್ಟವೇ ಇಲ್ಲ. ಆ ಕೌಂಟರಿನಿಂದ ಬಾಡಿಗೆಗೆ ತಂದರಾಯಿತು.

ಅದೇ ಸಂಜೆ ಹೆಂಗಸರು ಗವಸುಗಳ ಮಣಿಕಟ್ಟಿನ ಪಟ್ಟಿಯ ಮೇಲೆ ಕರಿ ಪೆನ್ನಿನಲ್ಲಿ ತಂತಮ್ಮ ಹೆಸರು ಬರೆದುಕೊಂಡರು. ಎಲ್ಲರ ಗವಸೂ ಒಂದೇ ಬಿದಿರ ಗಳದ ಮೇಲೆ ಒಣಗುವುದರಿಂದ, ಹೊಸದು ಏನು ಬಂದರೂ ಮೊದಲು ಹೆಸರು, ಆಮೇಲೆ ಬಳಕೆ. ಇಷ್ಟು ಸಣ್ಣ ವಿಷಯ ಮುಂದೆ ಅಷ್ಟು ದೊಡ್ಡದಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಬೆರಳು ಸೀಳಿದ ದಿನ ಬೀಯುನ್ ಕೂಡ ಆಮಾನಳ ಕೈ ತಪ್ಪಿತೆಂದೇ ತಿಳಿದಳು. ಮನೆಗೆ ಹೋದ ಮೇಲೆ ಯಾಕೋ ತಡೆಯಲಾಗಲಿಲ್ಲ. ತನ್ನ ಗವಸನ್ನು ಒಂದು ಮೂಲಂಗಿಗೆ ತೊಡಿಸಿ, ಸಿಂಪಿ ಚಾಕುವನ್ನು ಅದರ ಮೇಲೆ ಒಮ್ಮೆ ಎಳೆದಳು. ಮೂಲಂಗಿ ಎರಡು ತುಂಡಾಗಿ ಬಿತ್ತು. ಒಂದು ತುಂಡಿನ ಮೇಲೆ ಗವಸಿನ ನಾಲ್ಕು ಬೆರಳುಗಳಿದ್ದವು. ಆ ರಾತ್ರಿ ಅಡಿಗೆ ಮಾಡಲಿಲ್ಲ.

ಮರುದಿನದಿಂದ ದುಡ್ಡು ವಾಪಸು ಕೇಳುವ ಕೆಲಸ ಶುರುವಾಯಿತು. ಅದೂ ಒಂದು ಕೆಲಸವೇ, ಕೂಲಿ ಮಾತ್ರ ಇಲ್ಲ. ಗವಸು ಮಾರಿದ ಪುಟವನ್ನು ತೆರೆದರೆ ಅಲ್ಲಿ ಗವಸಿಲ್ಲ, ದಿಂಬು ಇತ್ತು. ಮೂರು ತಲೆಮಾರಿನಿಂದ ಗವಸು ಹೆಣೆಯುತ್ತಿದ್ದೇನೆ ಎಂದು ಆಗ ಜಾಹೀರಾತಿನಲ್ಲಿ ನಕ್ಕಿದ್ದ ಜಪಾನಿನ ಅದೇ ಮುದುಕ ಈಗ ಮೂರು ತಲೆಮಾರಿನಿಂದ ದಿಂಬು ತುಂಬುತ್ತಿದ್ದ. ಮಾರಿದವರ ನಂಬರಿಗೆ ಉಸಿರಿರಲಿಲ್ಲ. ಪೆಟ್ಟಿಗೆಯ ಚೀಟಿಯ ಮೇಲಿದ್ದದ್ದು ಸಾಗಣೆ ಕಂಪನಿಯೊಂದರ ಹೆಸರು. ಆ ಕಂಪನಿಗೆ ಫೋನು ಹಚ್ಚಿದರೆ ಒಂದು ಒತ್ತಿ, ಮೂರು ಒತ್ತಿ, ಆಮೇಲೆ ಸಂಗೀತ. ಕೈ ಸಿಂಪಿನೀರಿನಲ್ಲಿ ಮುಳುಗಿರುವುದರಿಂದ ಮೊಬೈಲನ್ನು ತೊಡೆಯ ಮೇಲಿಟ್ಟು, ದನಿ ದೊಡ್ಡದು ಮಾಡಿ ಚಿಪ್ಪು ಒಡೆಯುತ್ತಾ ಕಾಯುವಳು. ಎರಡು ವಾರದಲ್ಲಿ ಇಡೀ ಶೆಡ್ಡಿಗೆ ಆ ಸಂಗೀತ ಬಾಯಿಪಾಠವಾಯಿತು. ಮೂಲೆಯ ಮುದುಕಿಯೊಬ್ಬಳು ಅದಕ್ಕೆ ತಲೆದೂಗುತ್ತಾ ಚಾಕು ಆಡಿಸುತ್ತಿದ್ದಳು.

ಕಡೆಗೊಮ್ಮೆ ಬರುತ್ತಿದ್ದ ಹುಡುಗಿಯ ದನಿ ಪ್ರತಿಸಲವೂ ಬೇರೆ, ಮಾತು ಒಂದೇ. ನಾವು ಹೊತ್ತು ತಂದವರು ಅಷ್ಟೇ ಅಕ್ಕಾ, ಮಾರಿದವರಲ್ಲ. ಪೊಲೀಸ್ ಠಾಣೆಯವನು ಅರ್ಜಿ ಬರೆಸಿಕೊಂಡ. ಆ ವಾರ ಅಂಥದ್ದು ಮೂವತ್ತು ಬಂದಿವೆ ಎಂದು ಸಮಾಧಾನ ಹೇಳುವವನಂತೆ ಹೇಳಿದ. ಮೂಲೆ ಅಂಗಡಿಯವಳು, ಪೆಟ್ಟಿಗೆ ಬಿಚ್ಚಿದ ಮೇಲೆ ತನ್ನ ಕೈಯಲ್ಲಿ ಏನೂ ಇಲ್ಲ ಎಂದಳು. ಬಿಚ್ಚದೆ ನಕಲಿಯೋ ಅಸಲಿಯೋ ತಿಳಿಯುವುದು ಹೇಗೆಂದು ಬೀಯುನ್ ಕೇಳಲಿಲ್ಲ. ಕೇಳಿ ಕೇಳಿ ಅವಳಿಗೆ ದಣಿವಾಗಿತ್ತು. ಆ ಅಂಗಡಿಯವಳೂ ಇರುಳಿಡೀ ನಿಂತು ದಣಿದಿದ್ದಳು.

ನಾಲ್ಕನೆಯ ವಾರ ಸಾಗಣೆ ಕಂಪನಿ ಗವಸುಗಳ ಚಿತ್ರ ಕಳಿಸಿ ಎಂದಿತು. ಕಳಿಸಿದಳು. ಉತ್ತರ ಬಂತು: ಹೆಸರು ಬರೆದ ಮಾಲು ಹಿಂದಕ್ಕಿಲ್ಲ. ಹನ್ನೆರಡನೆಯ ಜೊತೆ ಬಿಲ್ಲಿನಲ್ಲೇ ಇಲ್ಲದ ಕಾರಣ ಅದರ ಬಗ್ಗೆ ದೂರು ಹುಟ್ಟುವುದಿಲ್ಲ.

ಅದನ್ನು ಶೆಡ್ಡಿನಲ್ಲಿ ಎಲ್ಲರಿಗೂ ಓದಿ ಹೇಳಿದಳು. ಎದುರು ಸಾಲಿನ ಜಿನ್‌ಚೀ, ಬಾಯಿಗೆ ಬಾಗಿಲಿಲ್ಲದವಳು, ತಲೆ ಎತ್ತದೆ ಅಂದಳು:

"ಮುಂದಾಳಮ್ಮಾ, ನಿನಗೆ ಬಿಟ್ಟಿ ಬಂದಿದ್ದು ಒಂದು ಜೊತೆ. ನಮಗೆ ಬಂದಿದ್ದು ಬರೀ ನಾಮ. ಮುಂದಿನ ಸಲ ಬಿಟ್ಟಿದು ನಮಗೆ ಕೊಟ್ಟು ನಾಮ ನೀನೇ ಇಟ್ಕೋ."

ಎರಡು ಮೂರು ಜನ ನಕ್ಕರು. ಬೀಯುನ್‌ಗೂ ನಗು ಬಂದಹಾಗಾಗಿ ಬರಲಿಲ್ಲ. ಒಬ್ಬೊಬ್ಬರದೂ ಐನೂರ ಎಂಬತ್ತು ಯುವಾನ್. ಸಿಂಪಿಯ ಲೆಕ್ಕದಲ್ಲಿ ಅರ್ಧ ದಿನದ ಬೆನ್ನುನೋವು. ಜಿನ್‌ಚೀಯ ಮಾತಿನಲ್ಲಿ ಸುಳ್ಳಿರಲಿಲ್ಲ.

ನಂಜು ಪೂರ್ತಿ ಇಳಿಯದ ಆಮಾನ್ ಇನ್ನೂ ಆಸ್ಪತ್ರೆಯಲ್ಲಿ, ಕಿಟಕಿಯ ಕಡೆ ಮಂಚದಲ್ಲಿದ್ದಳು. ಐದನೆಯ ಹೆಣ್ಣಾಗಿ ಹುಟ್ಟಿದ್ದಕ್ಕೆ ಅಪ್ಪ ಇಟ್ಟ ಹೆಸರು ಅದು. ತುಂಬಿತು, ಸಾಕು ಎಂದು ಅದರ ಅರ್ಥ. ಹುಟ್ಟಿದಂದಿನಿಂದ ಸಾಕು ಅನ್ನಿಸಿಕೊಂಡ ಹೆಂಗಸು ಏನನ್ನೂ ಹೆಚ್ಚು ಕೇಳುವವಳಲ್ಲ. ಕೋ ಯಜಮಾನ ಬಂದಿದ್ದ ಎಂದಳು. ಒಂದು ಬುಟ್ಟಿ ಸೀಬೆ, ಕೆಂಪು ಲಕೋಟೆಯಲ್ಲಿ ಮೂರು ಸಾವಿರ. ಸಮುದ್ರದ ನೀರಿನ ನಂಜಿಗೆ ಯಾರೂ ಹೊಣೆಯಲ್ಲ, ವಯಸ್ಸಾದ ಮೇಲೆ ಕಣ್ಣು ಮಂಜಾಗುತ್ತದೆ, ಕೈ ತಪ್ಪುತ್ತದೆ ಎಂದು ಹೇಳಿ ಹೋಗಿದ್ದ. ಬೀಯುನ್ ಸೀಬೆ ಹೆಚ್ಚಿ ಕೊಟ್ಟಳು. ಆಮಾನ್ ಬ್ಯಾಂಡೇಜಿನ ಕೈಯನ್ನು ಹೊದಿಕೆಯೊಳಗೆ ಸರಿಸಿ, ಬಲಗೈಯಲ್ಲಿ ಒಂದು ಹೋಳು ತೆಗೆದುಕೊಂಡು ತಿನ್ನದೆ ಹಿಡಿದುಕೊಂಡಳು.

"ದುಡ್ಡು ಬರತ್ತೋ ಬಿಡತ್ತೋ ನಂಗೆ ಗೊತ್ತಿಲ್ಲ ಬೀಯುನ್. ನನ್ನ ಕೈ ತಪ್ಪಲಿಲ್ಲ. ಅದನ್ನ ಯಾರಾದ್ರೂ ಒಂದ್ ಕಡೆ ಬರೀಬೇಕು."

ಬೇರೆ ಏನನ್ನೂ ಅವಳು ಕೇಳಲಿಲ್ಲ.

ಬೀಯುನ್ ಪಟ್ಟಣ ಕಚೇರಿಯ ರಾಜಿ ಸಮಿತಿಗೆ ಅರ್ಜಿ ಕೊಟ್ಟಳು. ನ್ಯಾಯಾಲಯಕ್ಕೆ ಹೋಗಲು ದುಡ್ಡು ಬೇಕು. ರಾಜಿಗೆ ತಾಳ್ಮೆ ಸಾಕು. ಅಚ್ಚರಿಯೆಂದರೆ ಸಾಗಣೆ ಕಂಪನಿ ಬರುತ್ತೇವೆಂದು ಒಪ್ಪಿತು. ಅದಕ್ಕಿಂತ ಅಚ್ಚರಿ, ಆ ದಿನ ಬೀಯುನ್ ಒಳಗೆ ಕಾಲಿಟ್ಟಾಗ ಕೋ ಯಜಮಾನ ಆಗಲೇ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ತನ್ನ ಆಳುಗಳ ಕಷ್ಟ ತನ್ನ ಕಷ್ಟವಲ್ಲವೇ ಎಂದ.

ರಾಜಿ ಮಾಡಿಸುವವರು ಶ್ಯೂ ಮಾಸ್ತರು. ನಿವೃತ್ತರು, ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು. ಜಗಳವೆಂದರೆ ಒಲೆಯ ಮೇಲಿನ ಹಾಲು, ಉಕ್ಕುವ ಮೊದಲು ಇಳಿಸಬೇಕು ಎಂಬುದು ಅವರ ನಂಬಿಕೆ. ಹಾಲು ಯಾರದು, ಒಲೆ ಯಾರದು ಎಂದು ಕೇಳುವ ಅಭ್ಯಾಸ ಅವರಿಗಿರಲಿಲ್ಲ. ಚಿಕ್ಕ ಬಟ್ಟಲುಗಳಿಗೆ ಎರಡನೆಯ ಸುತ್ತು ಚಹಾ ಬಗ್ಗಿಸಿ, ಕಂಪನಿಯ ಜುವಾಂಗ್ ಎಂಬವನಿಗೆ ಓದಲು ಹೇಳಿದರು. ಜುವಾಂಗ್ ಒಳ್ಳೆಯ ಮಾತಿನವನು. ಹನ್ನೊಂದು ಜೊತೆಗೂ ಪೂರ್ತಿ ದುಡ್ಡು, ಇವತ್ತೇ, ಕೈಗೇ ಎಂದು ಲಕೋಟೆಯನ್ನು ಮೇಜಿನ ಮೇಲಿಟ್ಟ. ಬೀಯುನಳ ಭುಜಗಳು ತಾವಾಗಿ ಇಳಿದವು. ಆರು ವಾರಗಳಿಂದ ಅವು ಮೇಲೇರಿಕೊಂಡೇ ಇದ್ದವೆಂದು ಅವಳಿಗೆ ತಿಳಿದದ್ದು ಆಗ.

ಆಮೇಲೆ ಅವನು ಕಾಗದ ಓದಿದ. ಕೊಂಡವರ ಮನಸ್ಸು ಬದಲಾದ ಕಾರಣ ಮಾಲು ಹಿಂತಿರುಗಿಸಲಾಗಿದೆ. ಮಾಲಿನಲ್ಲಿ ದೋಷವಿಲ್ಲ. ಬಳಕೆಯಲ್ಲಿ ಯಾರಿಗಾದರೂ ಪೆಟ್ಟಾಗಿದ್ದರೆ ಅದು ಬಳಸಿದವರ ಅಜಾಗರೂಕತೆ. ಹನ್ನೆರಡೂ ಜೊತೆಗಳನ್ನು ಒಪ್ಪಿಸಲಾಗಿದೆ. ಮುಂದೆ ಯಾರೂ ಯಾರನ್ನೂ ಏನೂ ಕೇಳತಕ್ಕದ್ದಲ್ಲ.

ಇನ್ನೊಮ್ಮೆ ಓದಿ ಎಂದಳು ಬೀಯುನ್. ಅವನು ಬೇಸರಿಸದೆ ಓದಿದ.

ಅವಳು ಚೀಲದಿಂದ ಗವಸುಗಳನ್ನು ತೆಗೆದು ಮೇಜಿನ ಮೇಲೆ ಒಂದೊಂದೇ ಜೊತೆ ಜೋಡಿಸಿದಳು. ಮೂಲಂಗಿಗೆ ತೊಡಿಸಿದ ತನ್ನದೂ ಅದರಲ್ಲಿತ್ತು. ಹನ್ನೆರಡನೆಯದನ್ನು ಬೇರೆ ಕಾಗದದಲ್ಲಿ ಸುತ್ತಿದ್ದಳು. ರಕ್ತ ಒಣಗಿ ಕಂದಾಗಿ, ತೋರುಬೆರಳು ಬಾಯಿ ತೆರೆದುಕೊಂಡಿತ್ತು. ಜುವಾಂಗ್ ಹನ್ನೊಂದನ್ನು ನೋಡಲೂ ಇಲ್ಲ, ಆ ಹನ್ನೆರಡನೆಯದರ ಕಡೆಗೇ ಕೈ ಚಾಚಿದ. ಬೀಯುನ್ ಅದರ ಮೇಲೆ ಅಂಗೈ ಇಟ್ಟಳು.

"ಇದು ಬಿಲ್ಲಲ್ಲಿ ಇಲ್ಲ ಅಂದ್ರಲ್ಲ. ಇಲ್ಲದ್ದನ್ನ ಯಾಕ್ ಕೇಳ್ತೀರಿ?"

ಲೆಕ್ಕ ಪೂರ್ತಿಯಾಗಬೇಕಲ್ಲ ಅಕ್ಕಾ ಎಂದ ಜುವಾಂಗ್. ಹಾಗಾದರೆ ದುಡ್ಡನ್ನೂ ಗವಸನ್ನೂ ನೀವೇ ಇಟ್ಟುಕೊಂಡು, ಗವಸು ನಕಲಿ, ಅದರಿಂದ ಬೆರಳು ಹೋಯಿತು ಎಂದು ಒಂದೇ ಸಾಲು ಬರೆಯಿರಿ ಎಂದು ಅವಳು ಕೇಳಿದಳು. ಜುವಾಂಗ್ ಮಾಸ್ತರ ಕಡೆ ನೋಡಿದ, ಮಾಸ್ತರು ಯಜಮಾನನ ಕಡೆ ನೋಡಿದರು. ಬಾಯಿ ಬಿಟ್ಟವನು ಯಜಮಾನ.

"ಆ ಸಾಲು ಬರೆದ್ರೆ ನಾಳೆ ಕಾರ್ಮಿಕ ಇಲಾಖೆ ಇನ್‌ಸ್ಪೆಕ್ಟರು ಬರ್ತಾನೆ. ಗವಸು ಯಾಕೆ ಅವರೇ ತಂದ್ಕೊಂಡ್ರು, ವಿಮೆ ಯಾಕಿಲ್ಲ, ಎಲ್ಲಾ ಕೇಳ್ತಾನೆ. ಶೆಡ್ಡು ಮುಚ್ತೀನಿ. ಹನ್ನೆರಡು ಜನ ಬೀದೀಲಿ ನಿಂತ್ಕೊಂಡು ಸಾಲು ಓದ್ಕೊಳಿ."

ಅದು ಬೆದರಿಕೆಯಂತೆ ಕೇಳಿಸಲಿಲ್ಲ. ಅವನೂ ದಣಿದವನಂತೆ, ಮನೆಯ ವಿಷಯ ಮಾತಾಡುವವನಂತೆ ಹೇಳಿದ. ತೊಡೆಯ ಮೇಲೆ ಬೀಯುನಳ ಮೊಬೈಲು ಗುರುಗುಟ್ಟುತ್ತಲೇ ಇತ್ತು. ಶೆಡ್ಡಿನವರ ಗುಂಪು. ದುಡ್ಡು ಬಂತಾ, ಒಬ್ಬಳು. ತಗೊಂಡ್ ಬಾ ಮಾರಾಯ್ತಿ, ರಗಳೆ ಸಾಕು, ಇನ್ನೊಬ್ಬಳು. ಅವರು ಕೇಳುವುದು ಅವರದನ್ನೇ. ಹತ್ತು ಮಂದಿಯ ದುಡ್ಡನ್ನು ಬೇಡವೆನ್ನಲು ತಾನು ಯಾರು? ನಾಳೆ ಜಿನ್‌ಚೀಯ ಎದುರು ಕೂತಾಗ ಅದೇ ಪ್ರಶ್ನೆಯನ್ನು ಕೇಳಿಸಿಕೊಳ್ಳಬೇಕೆಂದು ಅವಳಿಗೆ ಗೊತ್ತಿತ್ತು. ಮನೆಗೆ ಹೋಗಿ ಮಲಗಬೇಕೆನಿಸಿತು. ಸಹಿಯ ಜಾಗದಲ್ಲಿ ಹೆಸರು ಕೊರೆದ ಮುದ್ರೆಯೊಂದು ಬಿದ್ದರೆ ಮಲಗಬಹುದು.

ತಾನು ಮುದ್ರೆ ತಂದಿಲ್ಲ ಎಂದಳು.

ಯಜಮಾನ ಜೇಬಿಗೆ ಕೈಹಾಕಿ ಸಣ್ಣ ಮರದ ಮುದ್ರೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಅವಳದೇ. ಶೆಡ್ಡಿನ ಎಲ್ಲ ಹೆಂಗಸರ ಮುದ್ರೆಗಳೂ ಅವನ ಮೇಜಿನ ಖಾನೆಯಲ್ಲಿ, ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿರುತ್ತಿದ್ದವು. ಸಂಬಳದ ಚೀಟಿ, ಸಂಘದ ಅರ್ಜಿ, ಪ್ರತಿಸಲ ಯಾರು ಮನೆಯಿಂದ ತರುತ್ತಾರೆಂದು ವರ್ಷಗಳ ಹಿಂದೆ ಅವರೇ ಕೊಟ್ಟು ಮರೆತದ್ದು. ಇಷ್ಟು ವರ್ಷ ತನ್ನ ಹೆಸರು ಅವನ ಜೇಬಿನಲ್ಲಿ ಓಡಾಡಿಕೊಂಡಿತ್ತು. ಎಲ್ಲೆಲ್ಲಿ, ಯಾವ್ಯಾವ ಕಾಗದದ ಮೇಲೆ ಬಿದ್ದಿದೆಯೋ ಅವಳಿಗೆ ತಿಳಿಯದು.

ಮಾಸ್ತರು ಕೆಂಪು ಶಾಯಿಯ ಡಬ್ಬಿಯ ಮುಚ್ಚಳ ತೆಗೆದರು. ಸುಸ್ತಾಗಿದ್ದರೆ ಯಜಮಾನರೇ ಒತ್ತುತ್ತಾರೆ, ನೀನು ಹೂಂ ಅಂದರೆ ಸಾಕು ಎಂದರು. ಯಜಮಾನ ಮುದ್ರೆಯನ್ನು ಎತ್ತಿ ಶಾಯಿಗೆ ತಾಗಿಸಿದ.

ಬೀಯುನ್ ಎದ್ದು ನಿಂತು ಅವನ ಬೆರಳುಗಳ ನಡುವಿನಿಂದ ಮುದ್ರೆಯನ್ನು ಕಿತ್ತುಕೊಂಡಳು. ಶಾಯಿ ಅವಳ ಅಂಗೈಗೆಲ್ಲ ಮೆತ್ತಿತು. ಹನ್ನೆರಡನೆಯ ಜೊತೆಯನ್ನು ಕಾಗದದ ಸಮೇತ ಚೀಲಕ್ಕೆ ಹಾಕಿಕೊಂಡಳು. ಲಕೋಟೆಯನ್ನು ಮುಟ್ಟಲಿಲ್ಲ.

"ಕೂತ್ಕೋ ತಾಯಿ, ಒತ್ತು," ಎಂದರು ಮಾಸ್ತರು, ಹಾಲು ಉಕ್ಕುತ್ತಿರುವುದನ್ನು ಕಂಡವರಂತೆ. "ಒಂದೇ ಒಂದು ಗುರುತು. ಎಲ್ಲಾರಿಗೂ ಒಳ್ಳೇದು."

"ಒತ್ತಲ್ಲ ಮೇಷ್ಟ್ರೇ," ಎಂದಳು ಬೀಯುನ್. "ಅವಳ ಕೈ ತಪ್ಪಿಲ್ಲ."