ಹೊಸಿಲ ಕೆಳಗಿನ ಮಣ್ಣು

"ಥೂ, ಇದೂ ಸಪ್ಪೆ," ಎಂದು ಗೊನ್ರೊಕು ನಾಲಿಗೆಯ ಮೇಲಿಟ್ಟಿದ್ದ ಮಣ್ಣನ್ನು ಉಗಿದ. ಹಳೆಯ ಮನೆಗಳ ನೆಲದಡಿಯ ಮಣ್ಣನ್ನು ತೊಳೆದು ಕಾಯಿಸಿದರೆ ಪೆಟ್ಲುಪ್ಪು ಸಿಗುತ್ತದೆ, ಅದಿಲ್ಲದೆ ಸಿಡಿಮದ್ದಿಲ್ಲ. ಒಮ್ಮೆ ಅಗೆದ ನೆಲ ಮತ್ತೆ ಉಪ್ಪು ಕಟ್ಟಲು ಎಷ್ಟೋ ವರ್ಷ ಬೇಕು. ದೊರೆಗಳ ಜಗಳಕ್ಕೆ ಅಷ್ಟು ತಾಳ್ಮೆ ಎಲ್ಲಿಯದು? ಇಗಾ ಸೀಮೆಯ ಆ ಹಳ್ಳಿಯಲ್ಲಿ ಅವನು ಅಗೆಯದ ಮನೆ ಇನ್ನೊಂದೇ ಉಳಿದಿತ್ತು. ಅದು ಅಕ್ಕ ಓತಾಕಿಯದು. ಗೊನ್ರೊಕುವಿಗೆ ಈ ಕೆಲಸವೇ ಸಾಕುಸಾಕಾಗಿತ್ತು.

ಅಂಗಳದಲ್ಲಿ ಮೂಲಂಗಿ ಒಣಹಾಕುತ್ತಿದ್ದ ಓತಾಕಿ, ಅವನ ಹೆಗಲ ಮೇಲಿನ ಗುದ್ದಲಿ ಕಂಡದ್ದೇ ತಡ, ಬಾಗಿಲಿಗೆ ಅಡ್ಡ ನಿಂತಳು.

"ಊರವರ ಮನೆಯೆಲ್ಲ ಗುಂಡಿ ತೋಡಿದ್ದಾಯ್ತು, ಈಗ ನನ್ನ ಮನೆಗೆ ವಕ್ಕರಿಸಿದ್ಯಾ?"

"ನಾಡಿದ್ದು ನಮ್ಮೋರು ಹೊರಡ್ತಾರಕ್ಕ. ಕಣಿವೆ ಕೋಟೆಯ ಉಗ್ರಾಣಕ್ಕೆ ಬೆಂಕಿ ಇಡಬೇಕಂತೆ."

"ಹೋದ ಚಳಿಗಾಲದಲ್ಲೂ ಹೋಗಿದ್ರು."

ಆಗ ಹೋದವರಲ್ಲಿ ಅವಳ ಮಗ ಸೆಂಕಿಚಿಯೂ ಇದ್ದ. ಉಪ್ಪು ಸಾಲದೆ ಅವನೆಸೆದ ಮದ್ದಿನ ಮಡಕೆ ಸಿಡಿಯಲಿಲ್ಲ, ಬರೀ ಹೊಗೆಯಾಡಿತು. ಅದು ಸಿಡಿದ ಗಲಿಬಿಲಿಯಲ್ಲೇ ತಾನೆ ಕದ್ದು ಒಳಹೊಕ್ಕ ಇಗಾದವರು ಗೋಡೆ ಹಾರಿ ತಪ್ಪಿಸಿಕೊಳ್ಳುವುದು? ಹುಡುಗ ಅಲ್ಲೇ ಸಿಕ್ಕಿಬಿದ್ದ. ಹೆಣವೂ ಮನೆಗೆ ಬರಲಿಲ್ಲ. ಅವನು ಹುಟ್ಟಿದಾಗ ಮಡಕೆಯಲ್ಲಿಟ್ಟು ಹೊಸಿಲ ಕೆಳಗೆ ಹೂತಿದ್ದ ಹೆರಿಗೆಯ ಮಾಸಷ್ಟೇ ತಾಯಿಗೆ ಉಳಿದದ್ದು. ಹತ್ತು ಜನ ತುಳಿದಷ್ಟೂ ಮಗು ಗಟ್ಟಿಯಾಗುತ್ತದೆಂದು ಅಲ್ಲಿ ಹೂಳುವುದು ವಾಡಿಕೆ. ಈಗ ಓತಾಕಿ ಅಲ್ಲಿ ಯಾರನ್ನೂ ಕಾಲಿಡಗೊಡುತ್ತಿರಲಿಲ್ಲ.

"ಈ ಸಲ ಯಾರ್ಯಾರು?"

"ಪಕ್ಕದ್ಮನೆ ಯಾಸೊಜಿನೂ ಇದಾನೆ."

"ಅವನಾ? ಗದ್ದೆ ಬದುವಿನ ಮೇಲೇ ಎಡವಿ ಬೀಳತ್ತಲ್ಲೋ ಅದು! ಹೆಂಡ್ತಿ ಬೇರೆ ದಿನ ತುಂಬಿ ಕೂತಿದಾಳೆ." ಅವಳು ಮನೆಯ ಹಿಂದಕ್ಕೆ ಕೈ ತೋರಿಸಿದಳು. "ಹಿತ್ತಿಲ ಕಡೆಯಿಂದ ಬಾ. ಒಳಗೆ ನೋಡ್ಕೋ. ಹೊಸಿಲು ಮಾತ್ರ ಮುಟ್ಟಿದ್ರೆ ನೋಡು."

ಮಾಡು ಸೋರಿ ಒಳಗಿನ ಮಣ್ಣೆಲ್ಲ ತೇವವಾಗಿತ್ತು. ಹಲಗೆ ಎಬ್ಬಿಸಿದಲ್ಲೆಲ್ಲ ಅದೇ ಸಪ್ಪೆ. ಕೊನೆಗೆ ಗೊನ್ರೊಕು ಹೊಸಿಲ ಅಂಚಿನ ಒಣ ಮಣ್ಣನ್ನು ಒಂದು ಚಿಟಿಕೆ ಬಾಯಿಗಿಟ್ಟುಕೊಂಡ. ನಾಲಿಗೆ ತಣ್ಣಗಾಗಿ ಚುರುಗುಟ್ಟಿತು. ಇಷ್ಟು ಉಪ್ಪು ಕಟ್ಟಿದ ಮಣ್ಣನ್ನು ಅವನು ವರ್ಷಗಳಿಂದ ಕಂಡಿರಲಿಲ್ಲ.

"ಹೆಂಗಿದೆ?"

"ಸಪ್ಪೆ, ಅಕ್ಕ. ಎಲ್ಲೂ ಸಿಗಲಿಲ್ಲ ಅಂತ ಊರ ಯಜಮಾನರಿಗೆ ಹೇಳಿಬಿಡ್ತೀನಿ."

ಓತಾಕಿ ಬಗ್ಗಿ ತಾನೂ ಒಂದು ಚಿಟಿಕೆ ತೆಗೆದುಕೊಂಡಳು. ಅಪ್ಪ ಇಬ್ಬರಿಗೂ ಕಲಿಸಿದ್ದ ರುಚಿ ಅದು. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದಳು.

"ಸುಳ್ಳು ಹೇಳೋಕೂ ಬರಲ್ಲ ನಿಂಗೆ," ಎಂದಳು. "ಯಾಸೊಜಿ ಕೈಗೂ ಹೊಗೆಯಾಡೋ ಮಡಕೆ ಕೊಟ್ಟು ಕಳಿಸ್ತೀಯಾ?"

"ಬೇಡಕ್ಕ, ಬಿಡು."

ಅವಳು ಬಿಡಲಿಲ್ಲ. ಅವನ ಕೈಯಿಂದ ಗುದ್ದಲಿ ಕಿತ್ತುಕೊಂಡು, ಮಂಡಿಯೂರಿ, ಮೆಲ್ಲಗೆ ಅಗೆದಳು. ಅಂಗೈಯಗಲದ ಮಡಕೆ ಹೊರಬಂತು. ಅದನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೊರಗಿ ಕುಳಿತು, ಗುದ್ದಲಿಯನ್ನು ತಮ್ಮನತ್ತ ತಳ್ಳಿದಳು.

ಗೊನ್ರೊಕು ತಲೆಯೆತ್ತದೆ ಅಗೆದ. ಬುಟ್ಟಿ ತುಂಬುತ್ತಿದ್ದಂತೆ ಓತಾಕಿ ಅದನ್ನು ಹತ್ತಿರ ಎಳೆದುಕೊಂಡಳು. ಮಡಕೆಗೆ ಅಂಟಿದ್ದ ಮಣ್ಣನ್ನೂ ಉಗುರಿನಿಂದ ಕೆರೆದು, ಒಂದಿಷ್ಟೂ ಚೆಲ್ಲದಂತೆ, ಬುಟ್ಟಿಯೊಳಗೆ ಉದುರಿಸಿದಳು.