ಸದ್ದಡಗಿಸಿದ ಕೈ

ಟಿಣ್ ಎಂದಿತು. ಗಾಜಿನ ಲೋಟದ ಅಂಚಿಗೆ ಚಮಚ ತಾಗಿದಷ್ಟೇ ಸದ್ದು. ಮಧ್ಯರಾತ್ರಿ ದಾಟಿತ್ತು. ಸಂಜೆಯ ಪಾಳಿ ಮುಗಿಸಿ ಬಂದು ಬಿದ್ದುಕೊಂಡಿದ್ದ ಅವಳ ಕೈ ದಿಂಬಿನಡಿಯಿಂದ ಫೋನನ್ನು ಎಳೆದುಕೊಂಡಿತು, ಪರದೆಯ ಕೆಳಗಿನ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿತು, ಫೋನನ್ನು ಮತ್ತೆ ಒಳಗೆ ತಳ್ಳಿತು. ಕಣ್ಣು ತೆರೆಯಲಿಲ್ಲ. ತುಸು ಹೊತ್ತಿಗೆ ಮತ್ತೆ ಟಿಣ್. ಮತ್ತೆ ಒತ್ತಿದಳು. ಮೂರನೆಯ ಸಲವೂ ಆಯಿತು, ಮೂರನೆಯ ಸಲವೂ ಒತ್ತಿದಳು. ಪಕ್ಕದಲ್ಲಿ ಗಂಡ ಇರಲಿಲ್ಲ; ಎಲ್ಲೋ ಕೆಟ್ಟು ನಿಂತ ಲಿಫ್ಟ್ ರಿಪೇರಿಗೆ ಹೋಗಿದ್ದ. ಆಮೇಲೆ ಸದ್ದಾಗಲಿಲ್ಲ. ಅವಳಿಗೆ ಗಾಢವಾದ ನಿದ್ದೆ ಬಂತು.

ಅವಳು ದಿನ ತುಂಬದೆ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ ನರ್ಸ್. ಅಲ್ಲಿ ಪ್ರತಿ ಮಗುವಿನ ಪಾದಕ್ಕೂ ಒಂದು ಸಣ್ಣ ಪಟ್ಟಿ ಸುತ್ತಿರುತ್ತಾರೆ, ಅದರ ತಂತಿ ತಲೆಯ ಬಳಿಯ ಯಂತ್ರಕ್ಕೆ ಹೋಗುತ್ತದೆ. ಮಗುವಿನ ಉಸಿರು ಇಳಿದರೆ ಯಂತ್ರ ಕೂಗುತ್ತದೆ. ಮಗು ಕಾಲು ಝಾಡಿಸಿದರೂ ಕೂಗುತ್ತದೆ, ಪಟ್ಟಿ ಸಡಿಲವಾದರೂ ಕೂಗುತ್ತದೆ, ಒಮ್ಮೊಮ್ಮೆ ಸುಮ್ಮಸುಮ್ಮನೆಯೂ ಕೂಗುತ್ತದೆ. ಸದ್ದಡಗಿಸುವ ಬಟನ್ ಕೆಳಗಿನ ಮೂಲೆಯಲ್ಲಿದೆ. ಹೊಸದಾಗಿ ಸೇರಿದ ಹುಡುಗಿಯರಿಗೆ ಅವಳು ಹೇಳಿಕೊಡುವ ಮೊದಲ ಪಾಠವೇ ಅದು: "ಮೊದಲು ಮಗು ನೋಡಿ, ಮೈ ಬಣ್ಣ ನೋಡಿ. ಆಮೇಲೆ ಬಟನ್. ಬಟನ್ ಎಲ್ಲಿಗೂ ಓಡಿ ಹೋಗಲ್ಲ." ಹುಡುಗಿಯರು ನಗುತ್ತಿದ್ದರು. ವರ್ಷ ಕಳೆಯುವಷ್ಟರಲ್ಲಿ ಅವರ ಕೈಯೂ ಕಣ್ಣಿಗಿಂತ ಮುಂದೆ ಓಡುತ್ತಿತ್ತು.

ಮಗಳ ಫೋನಿಗೆ ಕಾವಲಿನ ಆಪ್ ಹಾಕಬೇಕೆಂದು ಹಟ ಹಿಡಿದವಳು ಅವಳೇ. ಮಗಳು ಎಂಟನೇ ಕ್ಲಾಸು. ಅಪ್ಪನ ಬಾಯಲ್ಲಿ ಗುಬ್ಬಿ, ಆದ್ದರಿಂದ ಮನೆಗೆಲ್ಲ ಗುಬ್ಬಿ. ಕದ್ದು ನೋಡುವುದು ಸರಿಯಲ್ಲವೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಮಗಳನ್ನು ಅಡುಗೆಮನೆಯ ಮೇಜಿನೆದುರು ಕೂರಿಸಿಕೊಂಡು, ಮೊದಲೇ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡ ಮಾತುಗಳನ್ನು ಒಂದೊಂದಾಗಿ ಹೇಳಿದ್ದಳು.

"ನಿನ್ನ ಮೆಸೇಜನ್ನೆಲ್ಲ ನಾನು ಓದಲ್ಲ. ಕೆಲವು ಪದ ಬಂದ್ರೆ ಮಾತ್ರ ನನ್ನ ಫೋನಲ್ಲಿ ಸದ್ದಾಗುತ್ತೆ."

"ಯಾವ ಪದ?"

"ಸಾಯೋದು, ಕೊಲ್ಲೋದು, ರಕ್ತ... ಇಂಥವು."

"ಅಂದ್ರೆ ಗೂಢಚಾರಿಕೆ."

"ಅಲ್ವೇ ಗುಬ್ಬಿ. ಮನೆ ಬಾಗಿಲಲ್ಲಿ ಗಂಟೆ ಇರಲ್ವಾ, ಹಾಗೆ. ಬಾಯಿಬಿಟ್ಟು ಹೇಳೋಕಾಗದೆ ಇರೋದು ಏನಾದ್ರೂ ಆದ್ರೆ ನನಗೆ ಕೇಳಿಸ್ಬೇಕು. ಕೇಳಿಸಿದ್ರೆ ನಾನು ಬರ್ತೀನಿ. ಬೈಯಲ್ಲ. ಬರ್ತೀನಿ, ಅಷ್ಟೇ."

ಮಗಳು ಕಣ್ಣು ಮೇಲೆ ಮಾಡಿ, "ಸರಿ ಮಾರಾಯ್ತಿ" ಎಂದಿದ್ದಳು.

ಆಪ್ ಮೊದಲ ದಿನವೇ ಬಡಿದುಕೊಂಡಿತು. ಓಡಿ ನೋಡಿದರೆ, 'ನಗ್ತಾ ನಗ್ತಾ ಸತ್ತೇ ಹೋದೆ' ಎಂದು ಮಗಳು ಗೆಳತಿಗೆ ಬರೆದಿದ್ದಳು. ಮರುದಿನ, 'ನನ್ನ ಪೆನ್ನು ವಾಪಸ್ ಕೊಡದಿದ್ರೆ ಕೊಲ್ತೀನಿ.' ಆಮೇಲೆ ವಿಜ್ಞಾನದ ಪಾಠದಲ್ಲಿ ರಕ್ತ ಪರಿಚಲನೆ ಬಂತು. ಒಂದಿಡೀ ಸಂಜೆ ಟಿಣ್ ಟಿಣ್ ಟಿಣ್.

"ನಿನ್ನ ಆಪ್ ಪ್ರಕಾರ ನಮ್ಮನೇಲಿ ದಿನಕ್ಕೆ ಹತ್ತು ಹೆಣ ಬೀಳ್ತವೆ ನೋಡೇ" ಎಂದು ಗಂಡ ನಕ್ಕಿದ್ದ.

"ನಗಿ, ನಗಿ. ಒಂದು ದಿನ ನಿಜವಾದದ್ದು ಬಂದಾಗ ಗೊತ್ತಾಗುತ್ತೆ" ಎಂದು ಅವಳು ಗದರಿದ್ದಳು. ಆದರೆ ಬರಬರುತ್ತಾ ಅವಳೂ ಓಡುವುದನ್ನು ಬಿಟ್ಟಳು. ಸದ್ದಾದರೆ ಮೂಲೆ ಒತ್ತುವುದು, ಬಿಡುವಾದಾಗ ನೋಡುವುದು. ಬಿಡುವು ಆಗುತ್ತಿದ್ದುದು ಕಡಿಮೆ.

ಬೆಳಗ್ಗೆ ಎದ್ದಾಗ ಮಗಳ ಕೋಣೆಯ ಬಾಗಿಲು ಹಾರುಹೊಡೆದಿತ್ತು. ಗುಬ್ಬಿ ಯಾವತ್ತೂ ಚಿಲಕ ಹಾಕಿ ಮಲಗುವವಳು. ಒಳಗೆ ದೀಪ ಉರಿಯುತ್ತಿತ್ತು. ಮಗಳು ಮಂಚದ ಮೇಲಿರಲಿಲ್ಲ. ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಮಂಡಿಗೆ ಹೊದಿಕೆ ಸುತ್ತಿಕೊಂಡು ಕೂತಿದ್ದಳು. ಎದುರಿಗೆ ನೆಲದ ಮೇಲೆ ಫೋನು ಒಂದೇ ಸಮನೆ ಅದುರುತ್ತಿತ್ತು. ಅವಳು ಮೊದಲು ಮಗಳ ಮೈ ಬಣ್ಣ ನೋಡಿದಳು. ಉಸಿರು ನೋಡಿದಳು. ಕೈಯನ್ನು ಹಿಡಿದಳು, ತಣ್ಣಗಿತ್ತು, ಆದರೆ ನಾಡಿ ಸರಿಯಾಗಿತ್ತು.

"ಏನಾಯ್ತೇ?"

ಮಗಳು ಬಿಟ್ಟು ಬಿಟ್ಟು ಹೇಳಿದಳು. ಫೋನಿನ ಆಟದ ಗುಂಪೊಂದರಲ್ಲಿ ಸಿಕ್ಕಿದ ಒಬ್ಬ, ಹದಿನೈದು ವರ್ಷದ ಹುಡುಗ ಎಂದು ಹೇಳಿಕೊಂಡಿದ್ದ. ಚಿತ್ರ ಬರೆಯುತ್ತೇನೆ ಎಂದಿದ್ದ, ಗುಬ್ಬಿಯೂ ಬರೆಯುತ್ತಾಳಲ್ಲ. ಬೇಸಿಗೆಯಿಂದ ಮಾತುಕತೆ ನಡೆದಿತ್ತು. ಕಳೆದ ವಾರ ಕಳಿಸಬಾರದ ಒಂದು ಫೋಟೊ ಕೇಳಿ, ಬೇಡಿ, ಕಾಡಿ, ಕಳಿಸಿಕೊಂಡಿದ್ದ. ನಿನ್ನೆ ರಾತ್ರಿ ಇನ್ನೊಂದು ಕೇಳಿದ. ಇಲ್ಲದಿದ್ದರೆ ಮೊದಲಿನದನ್ನು ಕ್ಲಾಸಿನವರಿಗೆಲ್ಲ ಹಾಕುತ್ತೇನೆ ಎಂದ.

"ಆಮೇಲೆ?"

"ಕಳಿಸ್ದೆ. ಆದ್ರೂ ಹಾಕ್ದ."

ನೆಲದ ಮೇಲಿನ ಫೋನು ಮತ್ತೆ ಅದುರಿತು. ಅವಳು ಅದನ್ನು ತಿರುಗಿಸಿ ಬೋರಲು ಹಾಕಿದಳು. ಬೈಯುವುದಿಲ್ಲ ಎಂದು ಮಾತು ಕೊಟ್ಟಿದ್ದಳು, ಬೈಯಲು ಮನಸ್ಸಿನಲ್ಲಿ ಏನೂ ಇರಲಿಲ್ಲ.

"ನನ್ನನ್ನ ಎಬ್ಬಿಸ್ಬಾರ್ದಾಗಿತ್ತಾ ಕಂದಾ? ಪಕ್ಕದ ಕೋಣೇಲೇ ಇದ್ನಲ್ಲ."

ಆಗ ಮಗಳು ತಲೆಯೆತ್ತಿ ನೋಡಿದಳು.

"ಎಬ್ಬಿಸ್ದೆನಲ್ಲಮ್ಮ."

"ಯಾವಾಗ?"

"ಬಂದು ಹೇಳೋಕೆ ಆಗ್ಲಿಲ್ಲ. ಬಾಗಿಲ ತನಕ ಬಂದೆ, ಬಾಯಿ ಬರ್ಲಿಲ್ಲ. ಅದಕ್ಕೆ ಬೇಕಂತ್ಲೇ ಆ ಪದ ಬರೆದೆ. 'ಸತ್ತೋಗ್ತೀನಿ ಪ್ಲೀಸ್' ಅಂತ. ನಿನಗೆ ಸದ್ದಾಗುತ್ತೆ, ಬರ್ತೀಯ ಅಂತ ಬಾಗಿಲು ತೆಗೆದಿಟ್ಟೆ. ಮೂರು ಸಲ ಬರೆದೆ. ಅವನಿಗೆ ಏನೇನೋ ಹೇಳ್ತಾ ಟೈಮ್ ಕಳೀತಿದ್ದೆ. ಸದ್ದಾಗ್ಲಿಲ್ವಾ?"

ತಾಯಿಯ ಹೆಬ್ಬೆರಳು ಹೊದಿಕೆಯ ಅಂಚನ್ನು ಒತ್ತಿ ಹಿಡಿದಿತ್ತು. ಅದನ್ನು ಅವಳೇ ನೋಡಿದಳು, ಬೇರೆ ಯಾರದೋ ಬೆರಳನ್ನು ನೋಡುವ ಹಾಗೆ.

"ಇಲ್ಲ" ಎಂದಳು. "ಆಗ್ಲಿಲ್ಲ."

ಗಂಡ ಮನೆಗೆ ಬಂದದ್ದು ಗ್ರೀಸ್ ಮೆತ್ತಿದ ಕೈಯಲ್ಲೇ. ಕೇಳಿದವನೇ ಕುರ್ಚಿಯಲ್ಲಿ ಕುಸಿದ, ಎದ್ದ, ಮತ್ತೆ ಕುಸಿದ. ಆ ದಿನ ಮಾಡಬೇಕಾದ್ದನ್ನೆಲ್ಲ ಅವರು ಮಾಡಿದರು. ಪೊಲೀಸರಿಗೆ ದೂರು ಕೊಟ್ಟರು, ಶಾಲೆಗೆ ಹೋದರು. ಮುಖ್ಯೋಪಾಧ್ಯಾಯಿನಿ ಮೃದುವಾಗಿಯೇ ಮಾತಾಡಿದರು. ಕ್ಲಾಸಿನ ಗುಂಪಿನಿಂದ ಅದನ್ನು ತೆಗೆಸಿದ್ದಾಗಿ ಹೇಳಿದರು. ಅಷ್ಟರಲ್ಲಿ ಅದು ಇನ್ನೂ ಎಷ್ಟು ಗುಂಪುಗಳಿಗೆ ಹೋಗಿತ್ತೋ ಯಾರಿಗೂ ಗೊತ್ತಿರಲಿಲ್ಲ. ಠಾಣೆಯವರು ಆ ಹುಡುಗ ಹುಡುಗನೇ ಆಗಿರಲಾರ ಎಂದರು. ಸಂಜೆ ಪಕ್ಕದ ಮನೆಯವರು ಮೆಟ್ಟಿಲಲ್ಲಿ ಸಿಕ್ಕಿ, ಏನೂ ಕೇಳದೆ, ಅಗತ್ಯಕ್ಕಿಂತ ಹೆಚ್ಚು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು.

ಮನೆಗೆ ಬಂದ ಮೇಲೆ ಗಂಡ ಕೈ ಚಾಚಿದ. "ನಿನ್ನ ಫೋನ್ ಕೊಡಿಲ್ಲಿ."

"ಯಾಕ್ರೀ?"

"ಆ ದರಿದ್ರ ಆಪ್ ಕಿತ್ತು ಬಿಸಾಕ್ತೀನಿ. ಪೆನ್ನಿಗೂ ಪೆನ್ಸಿಲ್ಲಿಗೂ ಬಾಯಿ ಬಡ್ಕೊಂಡು, ಬೇಕಾದಾಗ ಮೂಗ ಆಗೋದಾದ್ರೆ ಇದ್ಯಾಕೆ?"

ಈಗ ಹೇಳಬಹುದಿತ್ತು. ಅದು ಮೂಗಾಗಿರಲಿಲ್ಲ, ಮೂರು ಸಲ ಕೂಗಿತ್ತು ಎನ್ನಬಹುದಿತ್ತು. ಅವಳು ಫೋನು ಕೊಟ್ಟಳು. ಅವನ ಬೆರಳು ಆಪ್‌ನ ಚಿತ್ರವನ್ನು ಒತ್ತಿ ಹಿಡಿಯಿತು. ಚಿತ್ರ ನಡುಗಿ ಮಾಯವಾಯಿತು.

ರಾತ್ರಿ ಮಗಳು ಅವಳ ಪಕ್ಕದಲ್ಲೇ ಮಲಗಿದಳು, ಗೋಡೆಗೆ ಮುಖ ಮಾಡಿ. ಬ್ರೆಡ್ಡು ಹಾಲು ಹಾಗೇ ಉಳಿದಿತ್ತು. ನಿದ್ದೆ ಹೋದಳೆಂದು ತಾಯಿ ದೀಪ ಆರಿಸಲು ಎದ್ದಾಗ ಗೋಡೆಯ ಕಡೆಯಿಂದ ಮಾತು ಬಂತು.

"ಅಮ್ಮಾ."

"ಹೇಳು ಕಂದಾ."

"ನೀನು ಅಳ್ಬೇಡ. ನಿನಗೆ ಕೇಳಿಸಿದ್ರೆ ನೀನು ಬಂದೇ ಬರ್ತಿದ್ದೆ. ನನಗ್ಗೊತ್ತು. ಹಾಳಾದ್ದು ಆಪೇ ಸರಿಯಿಲ್ಲ."

ಅವಳು ದೀಪದ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಳು. ಮಗಳ ಬಳಿ ಈಗ ಉಳಿದದ್ದು ಅದೊಂದೇ: ಕೇಳಿಸಿದ್ದರೆ ಅಮ್ಮ ಬರುತ್ತಿದ್ದಳು. ಅದೂ ಸುಳ್ಳು. ಅದನ್ನು ಕಿತ್ತುಕೊಂಡರೆ ಗುಬ್ಬಿ ಇನ್ನು ಯಾರನ್ನೂ ಕರೆಯಲಾರಳು. ಕಿತ್ತುಕೊಳ್ಳದಿದ್ದರೂ ಕರೆಯುತ್ತಾಳೆಂಬ ನಂಬಿಕೆ ಅವಳಿಗಿರಲಿಲ್ಲ. ಮಗಳಿಗಾಗಿ ಮುಚ್ಚಿಡುತ್ತಿರುವುದೋ, ತನಗಾಗಿಯೋ ಎಂದು ಬಿಡಿಸಿ ನೋಡುವ ಧೈರ್ಯವೂ ಇರಲಿಲ್ಲ.

"ಹೂಂ" ಎಂದಳು. "ಆಪೇ ಸರಿಯಿರ್ಲಿಲ್ಲ."

ದೀಪ ಆರಿಸಿ ಬಂದು ಮಲಗಿ, ಮಗಳ ಬೆನ್ನ ಮೇಲೆ ಕೈಯಿಟ್ಟು ಉಸಿರು ಏರಿ ಇಳಿಯುವುದನ್ನು ಗಮನಿಸುತ್ತಿದ್ದಳು. ಗಂಡನಿಗಿಲ್ಲ, ಠಾಣೆಯವರಿಗಿಲ್ಲ, ವಾರ್ಡಿನವರಿಗಿಲ್ಲ, ಮಗಳು ದೊಡ್ಡವಳಾಗಿ ಎದುರು ಕೂತು ಕೇಳಿದರೂ ಇಲ್ಲ. ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದಳು.