ಲಾದ್ರುವಿನ ಪಾಲು

ಇದನ್ನು ಹೇಳಲು ನನಗೆ ಯಾವ ಅಧಿಕಾರವೂ ಇಲ್ಲ. ಕಾನೂನು ಓದಿದವನಲ್ಲ, ವೈದ್ಯವೂ ತಿಳಿಯದು. ಒಂದು ಮನೆಯ ಮಾತನ್ನು ಬೀದಿಗೆ ತರುತ್ತಿದ್ದೇನಲ್ಲಾ ಎಂಬ ಅಳುಕು ಬರೆಯುವಾಗಲೂ ಬಿಟ್ಟಿಲ್ಲ. ಆದರೆ ಇದು ಒಂದೇ ಮನೆಯ ಮಾತಲ್ಲ ಅನ್ನಿಸಿದ್ದರಿಂದ ಹೇಳುತ್ತೇನೆ, ಓದುಗರು ಕ್ಷಮಿಸಬೇಕು.

ಅಂದು ಮೊಂತಿ ಹಬ್ಬ, ಕರಾವಳಿಯ ಕ್ರೈಸ್ತರು ಮಾತೆಯ ಹೆಸರಿನಲ್ಲಿ ಆಚರಿಸುವ ಹೊಸ ತೆನೆಯ ಹಬ್ಬ. ಗಲ್ಫಿನ ಅಲ್ ಮುರಕ್ಕಬಾತಿನ ಕ್ಲಿನಿಕ್ಕಿನಲ್ಲಿ ರಾತ್ರಿ ಪಾಳಿ ಮುಗಿಸಿದ ನರ್ಸ್ ಪರ್ಲ್, ಊದ್ ಮೇಥಾದ ಮನೆಗೆ ಬಂದಾಗ ಬಿಸಿಲೇರಿತ್ತು. ಸೆಪ್ಟೆಂಬರಿನ ಸೆಕೆಗೆ ಕಿಟಕಿಯ ಗಾಜುಗಳು ಹೊರಗಿನಿಂದ ಬೆವರಿ, ಎದುರಿನ ಕಟ್ಟಡಗಳು ನೀರಿನೊಳಗೆ ನಿಂತಂತೆ ತೇಲುತ್ತಿದ್ದವು. ನಿದ್ದೆಗೆಟ್ಟ ಕಣ್ಣಿಗೆ ಮನೆಯೊಳಗೂ ಎಲ್ಲವೂ ಮೆಲ್ಲನೆ ತೇಲುವಂತೆಯೇ ಕಂಡಿತು: ತೆಂಗಿನ ಹಾಲಿನ ವಾಸನೆ, ಮಾತೆಗೆ ಅರ್ಪಿಸಿ ಉಳಿದ ಹೂಗಳು, ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅಜ್ಜಿ ಒಲಿಂಡಾಳ ಬಿಳಿ ಜುಟ್ಟು.

ಇಗರ್ಜಿಯಲ್ಲಿ ಮಂತ್ರಿಸಿದ ಹೊಸ ತೆನೆಯ ಕಾಳುಗಳನ್ನು ಸುಲಿದು, ಅರೆದು, ಬೆಲ್ಲ ಹಾಕಿದ ತೆಂಗಿನ ಹಾಲಿಗೆ ಬೆರೆಸಿ ಮನೆಮಂದಿಗೆಲ್ಲ ಹಂಚುವುದು ಅವರ ರೂಢಿ. ಪಾಲು ತಪ್ಪಬಾರದು, ದೂರದಲ್ಲಿದ್ದವರಿಗೂ ಕಾಳು ಕಳಿಸುತ್ತಾರೆ. ಮಧ್ಯಾಹ್ನಕ್ಕೆ ಪರ್ಲಳನ್ನು ಮದುವೆಯಾಗಲಿರುವ ಶಾನ್, ತಾಯಿ ಪ್ರಫುಲ್ಲಾಬಾಯಿಯ ಜೊತೆ ಅಬುಧಾಬಿಯಿಂದ ಬರುವವನಿದ್ದ. ಅಜ್ಜಿ ಅವರಿಗೂ ಸೇರಿಸಿ ಬಟ್ಟಲು ಜೋಡಿಸಿದ್ದಳು. ಆದರೂ ಒಂದು ಹೆಚ್ಚಿತ್ತು.

"ಇದು ಯಾರಿಗೆ ಅಜ್ಜಿ?"

"ಲಾದ್ರುಗೆ." ಅಜ್ಜಿಯ ಕಣ್ಣು ಕಿಟಕಿಯ ಮಂಜಿನಲ್ಲಿತ್ತು. "ಅವನಿಗೆ ಬೆಲ್ಲ ಸ್ವಲ್ಪ ಜಾಸ್ತಿ ಬೇಕು."

ಲಾದ್ರು ಅಜ್ಜಿಯ ತಮ್ಮ. ಚಿಕ್ಕಂದಿನಲ್ಲೇ ಸತ್ತನೆಂದು ಪರ್ಲ್ ಕೇಳಿದ್ದಳು.

"ಸತ್ತವರಿಗೂ ಹೊಸತಿನ ಪಾಲು ಕೊಡ್ತಾರಾ?"

"ಸತ್ತವರಿಗೆ ಯಾರು ಕೊಡ್ತಾರೆ ಮಗಾ!" ಎಂದು ಅಜ್ಜಿ ನಕ್ಕಳು. ನಕ್ಕ ಬಾಯಿಯನ್ನು ಕೂಡಲೇ ಸೆರಗಿನಿಂದ ಮುಚ್ಚಿಕೊಂಡಳು.

ಆಮೇಲೆ ಕನಸಿನಲ್ಲಿ ಮಾತಾಡುವವಳಂತೆ ಹೇಳುತ್ತ ಹೋದಳು. ಲಾದ್ರುಗೆ ಮೀಸೆ ಚಿಗುರುವ ಮೊದಲೇ ಯಾರೋ ಕರೆದಂತೆ ಕೇಳಿಸುತ್ತಿತ್ತಂತೆ. ಮದ್ದು ಮಾಡಲಿಲ್ಲ, ಊರಿಗೆ ತಿಳಿದೀತೆಂದು ಅಟ್ಟದಲ್ಲಿ ಕೂಡಿ ಹಾಕಿದರು. ಒಂದು ದಿನ ತಪ್ಪಿಸಿಕೊಂಡು ನೆರೆಯವರ ಬೈಹುಲ್ಲಿನ ರಾಶಿಗೆ ಬೆಂಕಿಯಿಟ್ಟ. ಅದರ ಹಿಂದೆ ಮಲಗಿದ್ದ ಆಳೊಬ್ಬ ಬೆಂದು ಸತ್ತ. ಬುದ್ಧಿ ಸ್ವಾಧೀನದಲ್ಲಿರಲಿಲ್ಲ, ಹುಡುಗ ಅಪರಾಧಿಯಲ್ಲ ಎಂದಿತು ಕೋರ್ಟು. ಹಾಗೆ ಹೇಳಿ, ಘಟ್ಟದ ಮೇಲಿನ ಹುಚ್ಚಾಸ್ಪತ್ರೆಗೆ ಕಳಿಸಿತು. ಎಷ್ಟು ಕಾಲಕ್ಕೆ ಎಂದು ಮಾತ್ರ ಹೇಳಲಿಲ್ಲ.

"ವರ್ಷಗಳಾದ ಮೇಲೆ ಅಲ್ಲಿಂದ ಒಬ್ಬರು ಬಂದ್ರು. ಗುಣ ಆಗಿದ್ದಾನೆ, ಚಾಪೆ ನೇಯ್ತಾನೆ, ನೀವು ಹೂಂ ಅಂದ್ರೆ ಬಿಡಿಸಬಹುದು ಅಂದ್ರು. ಅಪ್ಪ ಹೂಂ ಅನ್ನಲಿಲ್ಲ. ನನ್ನ ಮದುವೆ ಮಾತು ಆಗ್ತಾ ಇತ್ತಲ್ಲ. ಮುಂದಿನ ವಾರವೇ ಲಾದ್ರು ಸತ್ತ ಅಂತ ಇಗರ್ಜಿಯಲ್ಲಿ ಪೂಜೆ ಇಡಿಸಿದ್ರು. ನಾನೂ ಕಪ್ಪು ಉಟ್ಟೆ."

ಪ್ರತಿ ಹಬ್ಬಕ್ಕೂ ಯಾರೂ ಕಾಣದಂತೆ ಅವನ ಪಾಲನ್ನು ತೆಂಗಿನ ಬುಡಕ್ಕೆ ಸುರಿಯುತ್ತಿದ್ದಳಂತೆ.

ಬಾಗಿಲಲ್ಲಿ ನಿಂತು ಕೇಳಿದ ಪರ್ಲಳ ತಾಯಿ ಜೂಡಿತ್, ಆ ಬಟ್ಟಲನ್ನು ತೆಗೆದು ಫ್ರಿಜ್ಜಿನೊಳಗೆ ಹಿಂದಕ್ಕೆ ತಳ್ಳಿ, ಅತ್ತೆಯತ್ತ ತಿರುಗಿದಳು. "ಮಾಂಯ್, ಇವತ್ತೇ ಸಿಕ್ಕಿತಾ ನಿಮಗೆ? ಮದುವೆ ಮುಗೀಲಿ. ಆಮೇಲೆ ಯಾರ ಹೆಸರು ಬೇಕಾದ್ರೂ ಹೇಳಿ."

"ಆ ಕಾಲ ಹಾಗಿತ್ತು," ಎಂದ ತಂದೆ ಯುಜಿನ್. "ಅಜ್ಜಿಯ ಅಪ್ಪ ಎಂತ ಮಾಡ್ಬೇಕಿತ್ತು? ಮೂರು ಹೆಣ್ಣುಮಕ್ಕಳು. ಖಲಾಸ್, ಈಗ ಯಾಕೆ ಕೆದಕೋದು?"

"ಕೊಂದವನಿಗೂ ಶಿಕ್ಷೆ ಮುಗಿಯುವ ದಿನ ಉಂಟು ಡ್ಯಾಡಿ. ತಪ್ಪು ಇವನದ್ದಲ್ಲ ಅಂತ ಕೋರ್ಟೇ ಹೇಳಿದ ಹುಡುಗನಿಗೆ ಆ ದಿನವೇ ಇಲ್ವಾ?"

"ದೊಡ್ಡ ವಕೀಲೆ! ಹೋಗಿ ಮುಖ ತೊಳಿ, ಅವರು ಬರ್ತಾರೆ."

ಬಂದರು. "ಅಬುಧಾಬಿಯಿಂದ ಬರೋದು ಸುಲಭ, ನಿಮ್ಮ ಬಿಲ್ಡಿಂಗ್ ಹತ್ರ ಪಾರ್ಕಿಂಗ್ ಸಿಗೋದೇ ಕಷ್ಟ ಮಾರಾಯ್ರೆ!" ಎಂದು ಪ್ರಫುಲ್ಲಾಬಾಯಿ ನಗುತ್ತಲೇ ಕೂತರು. ಮನೆಯವರು ಊಟಕ್ಕೆ ಎಲೆ ಹಾಕಿದರು. ಮಾತು ಮಾತಿಗೆ ಬೆರೆಯಿತು.

"ನಮ್ಮಲ್ಲಿ ಎಲ್ಲರಿಗೂ ಶುಗರ್ ಉಂಟು, ಈಗಲೇ ಹೇಳಿಬಿಡ್ತೇನೆ. ಅದು ಬಿಟ್ರೆ ಕ್ಲೀನ್ ಫ್ಯಾಮಿಲಿ," ಎಂದರು ಪ್ರಫುಲ್ಲಾಬಾಯಿ.

"ನಮ್ಮದೂ ಹಾಗೇ, ದೇವರ ದಯೆ," ಎಂದಳು ಜೂಡಿತ್.

ಅಜ್ಜಿ ತನ್ನ ಅಂಗೈ ನೋಡುತ್ತ ಕೂತಿದ್ದಳು. ಬಟ್ಟಲನ್ನು ಮುಟ್ಟಿರಲಿಲ್ಲ. ಪರ್ಲ್ ಎದ್ದಳು. ನಡೆಯುವಾಗ ನೆಲ ಕಾಲಿಗೆ ತಾಗಿದಂತೆಯೇ ಇರಲಿಲ್ಲ. ಫ್ರಿಜ್ಜಿನಿಂದ ತಣ್ಣಗಿನ ಬಟ್ಟಲು ತಂದು ಎಲ್ಲರ ನಡುವೆ ಇಟ್ಟಳು.

"ಆಂಟಿ, ಇದು ಅಜ್ಜಿಯ ತಮ್ಮನ ಪಾಲು," ಎಂದು ಶುರುಮಾಡಿ, ಬೆಂಕಿಯನ್ನೂ ಸತ್ತ ಆಳನ್ನೂ ಕಪ್ಪು ಸೀರೆಯನ್ನೂ ಬಿಡದೆ ಹೇಳಿದಳು.

ಪ್ರಫುಲ್ಲಾಬಾಯಿ ಚಮಚವನ್ನು ಮೆಲ್ಲನೆ ಕೆಳಗಿಟ್ಟರು. "ಅದು ರಕ್ತದಲ್ಲಿ ಬರ್ತದಲ್ಲ ಮಗಾ. ನಾಳೆ ನಿಮ್ಮ ಮಕ್ಕಳಿಗೆ ಬಂದ್ರೆ?"

"ಬಂದ್ರೆ ಮದ್ದು ಕೊಡುವಾ ಆಂಟಿ. ಬದುಕಿದ್ದವನಿಗೆ ಸತ್ತ ಅಂತ ಪೂಜೆ ಇಡಿಸುವ ಮನೆಗೆ ಮಾತ್ರ ನಾನು ಬರೋದಿಲ್ಲ. ಈ ಮನೆಯಲ್ಲೂ ಇನ್ನು ಅದು ಬೇಡ."

ಜೂಡಿತ್ ಅಳತೊಡಗಿದಳು. ಬಂದವರು ಊಟ ಅರ್ಧಕ್ಕೇ ಬಿಟ್ಟು ಎದ್ದರು. ಬಾಗಿಲಲ್ಲಿ ಶಾನ್ ತಿರುಗಿ, "ಐ ನೀಡ್ ಟೈಮ್, ಪರ್ಲ್," ಎಂದ. ಲಿಫ್ಟು ಅವನನ್ನು ಕೆಳಗಿಳಿಸಿಕೊಂಡು ಹೋಯಿತು.

ಅಜ್ಜಿ ಆಗ ತನ್ನ ಬಟ್ಟಲನ್ನು ಬಾಯಿಗಿಟ್ಟಳು. ಲಾದ್ರುವಿನದನ್ನು ಯಾರೂ ಚೆಲ್ಲಲಿಲ್ಲ. ಯುಜಿನ್ ತಾನೇ ಎದ್ದು ಅದಕ್ಕೊಂದು ತಟ್ಟೆ ಮುಚ್ಚಿದ. ಉಳಿದ ತೆನೆಯನ್ನು ಪರ್ಲ್ ಕರವಸ್ತ್ರದಲ್ಲಿ ಕಟ್ಟಿದಳು. ಮುಂದಿನ ರಜೆಗೆ ಅಜ್ಜಿಯನ್ನು ಕರೆದುಕೊಂಡು ಘಟ್ಟ ಹತ್ತುವುದೆಂದು ನಿಶ್ಚಯಿಸಿದ್ದಳು.

ಶಾನ್ ಮತ್ತೆ ಫೋನ್ ಮಾಡಿದನೇ ಎಂಬುದು ನನಗೆ ತಿಳಿಯದು. ಲಾದ್ರು ಈಗಲೂ ಇದ್ದಾರೆಯೇ, ಇದ್ದರೆ ಅಕ್ಕನ ಗುರುತು ಹಿಡಿದಾರೇ, ಮನೆಯವರ ಒಂದು 'ಹೂಂ'ಗಾಗಿ ಕಾಯುತ್ತ ಅವರಂಥ ಮಕ್ಕಳು ಇನ್ನೆಷ್ಟು ಮಂದಿ ಅಲ್ಲೇ ಮುದುಕರಾದರು, ಅದೂ ತಿಳಿಯದು.